ಪಿಂಕಿಯ ಉಡಿ

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಮಣ್ಣಿಗೆ ಚಿನ್ನದ ಬೆಲೆ ಬಂದ ಆ ವರ್ಷಗಳಲ್ಲಿ ನಮ್ಮ ಹೊಸಪೇಟೆ ಕಡೆಯವರು ಆ ಕೊಡೆಗೆ ಲೈಟಿಂಗ್ ಕೂಡ ಹಾಕಿಸಿದ್ದರು. ಒಬ್ಬ ತಮ್ಮನ ಮದುವೆಗೆ ಹೆಲಿಕಾಪ್ಟರ್‌ನಲ್ಲಿ ಬಂದಿಳಿದ. ಇನ್ನೊಬ್ಬ ಮನೆಯೊಳಗೇ ಸಿನಿಮಾ ಥಿಯೇಟರ್ ಕಟ್ಟಿಸಿ, ಅದರಲ್ಲಿ ಒಬ್ಬನೇ ಕೂತು ನಿದ್ದೆ ಹೊಡೆದ. ಗಾದಿಲಿಂಗಪ್ಪನವರು ಡಾಲ್ಫಿನ್ ತರಿಸಿದರು.

ಅವರು ಮೊದಲು ಕಂಪ್ಲಿಯಲ್ಲಿ ಅಕ್ಕಿ ಮಿಲ್ಲು ನಡೆಸುತ್ತಿದ್ದವರು. ಸಂಡೂರಿನ ಗುಡ್ಡದಲ್ಲಿ ಗಣಿ ಹಿಡಿದ ಮೇಲೆ ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಬದಿಗೆ ಒಂದು ರೆಸಾರ್ಟ್ ಕಟ್ಟಿಸಿದರು. ಮೊಮ್ಮಗಳು ಯಾವುದೋ ದೇಶಕ್ಕೆ ಹೋಗಿ ಡಾಲ್ಫಿನ್ ಆಟ ನೋಡಿ ಬಂದು, ನನಗೂ ಅದೇ ಬೇಕು ಎಂದು ಊಟ ಬಿಟ್ಟಳಂತೆ. ಮುಚ್ಚಿಹೋದ ಯಾವುದೋ ಆಟದ ಕಂಪನಿಯಿಂದ ಒಂದು ಹೆಣ್ಣು ಡಾಲ್ಫಿನ್ ಬಂತು. ಯಾವ ಕಾಗದದ ಮೇಲೆ, ಯಾರ ಸಹಿಯಲ್ಲಿ ಬಂತೆಂದು ಕೇಳುವ ರೂಢಿ ಆಗ ನಮ್ಮಲ್ಲಿರಲಿಲ್ಲ. ಮೊಮ್ಮಗಳು ಅದಕ್ಕೆ ಪಿಂಕಿ ಎಂದು ಹೆಸರಿಟ್ಟು, ಒಂದು ವಾರ ಆಡಿ, ಮರೆತಳು.

ಸಮುದ್ರ ನಮಗೆ ಒಂದು ದಿನದ ದಾರಿ. ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಬಂದರಿಗೆ ಹೋಗುತ್ತಿದ್ದವಲ್ಲ, ಅವುಗಳ ಹಿಂದೆಯೇ ಗಾದಿಲಿಂಗಪ್ಪನವರ ಟ್ಯಾಂಕರ್‌ಗಳೂ ಹೋಗಿ ರೆಸಾರ್ಟಿನಲ್ಲಿ ಪಿಂಕಿಗಾಗಿ ಕಟ್ಟಿಸಿದ ಹೊಂಡಕ್ಕೆಂದು ಸಮುದ್ರದ ನೀರು ತುಂಬಿಕೊಂಡು ಬಂದವು. ಗುಡ್ಡ ಸಮುದ್ರಕ್ಕೆ ಹೋಯಿತು, ಸಮುದ್ರ ಗುಡ್ಡಕ್ಕೆ ಬಂತು. ಕೆಲವು ತಿಂಗಳಾದ ಮೇಲೆ ಅದೂ ಬೇಸರವಾಗಿ ಬೋರ್‌ವೆಲ್ ನೀರಿಗೇ ಉಪ್ಪಿನ ಚೀಲ ಸುರಿಯತೊಡಗಿದರು.

ನಾನು ಮುರುಗೇಶ್. ಹೊಸಪೇಟೆಯಲ್ಲಿ ನನ್ನದೊಂದು ವಿಡಿಯೋ ಸ್ಟುಡಿಯೋ ಇತ್ತು, ಈಗಲೂ ಇದೆ. ಮದುವೆ, ಸೀಮಂತ, ಗೃಹಪ್ರವೇಶ ನನ್ನ ಕೆಲಸ. ಗುಲಾಬಿ ಹೂವು ಅರಳಿ ಅದರೊಳಗಿಂದ ಮದುಮಗಳು ಎದ್ದು ಬರುವಂತೆ ಮಿಕ್ಸಿಂಗ್ ಮಾಡುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಗಾದಿಲಿಂಗಪ್ಪನವರ ಮನೆಯ ಕಾರ್ಯಗಳೆಲ್ಲ ನನ್ನ ಕ್ಯಾಮೆರಾದ್ದೇ. ಅದಕ್ಕಾಗಿಯೇ ಮೇಧಕ್ಕ ನನ್ನನ್ನು ಹುಡುಕಿಕೊಂಡು ಬಂದಳು.

ಆಕೆ ನಮ್ಮ ಊರಿನವಳೇ. ತಂದೆ ಪ್ರಭಂಜನರಾಯರು ಡ್ಯಾಮಿನ ಕೆಲಸದಲ್ಲಿದ್ದವರು. ಮೇಧಕ್ಕ ಹೊರಗೆ ಸಿನಿಮಾ ಓದಿ, ಮದುವೆಯಾಗಿ ಬೆಂಗಳೂರಿನಲ್ಲಿ ಡಾಕ್ಯುಮೆಂಟರಿ ಮಾಡಿಕೊಂಡಿದ್ದಳು. ತಂದೆ ತಾಯಿ ಇಬ್ಬರೂ ತೀರಿಕೊಂಡು ಪಟೇಲ್ ನಗರದ ಮನೆ ಮಾರಿಹೋಗಿತ್ತು. ಹೀಗಾಗಿ ಸ್ವಂತ ಊರಿಗೆ ಬಂದವಳು ಬಸ್ ಸ್ಟ್ಯಾಂಡಿನ ಎದುರಿನ ಲಾಡ್ಜಿನಲ್ಲಿ ಇಳಿದುಕೊಂಡಿದ್ದಳು. ಇದು ತಿಳಿದ ನನ್ನ ಅವ್ವ ಮರುಳಸಿದ್ದಮ್ಮ ನನ್ನ ಮೇಲೆಯೇ ಹರಿಹಾಯ್ದಳು.

"ಊರಾಗ ಹುಟ್ಟಿದ ಹೆಣ್ಮಗಳು ಲಾಡ್ಜಿನಾಗ ಇರ್ತಾಳೇನಲೇ? ಹೋಗಿ ಕರ್ಕೊಂಡು ಬಾ. ಮ್ಯಾಲಿನ ರೂಮು ಖಾಲಿ ಐತಿ."

ಮೇಧಕ್ಕ ಬಂದಳು. ಬ್ರಾಹ್ಮಣರ ಹುಡುಗಿ, ನಮ್ಮ ಮನೆಯಲ್ಲಿ ಉಣ್ಣುತ್ತಾಳೋ ಇಲ್ಲವೋ ಎಂದು ಅವ್ವನಿಗೆ ಒಂದು ಹೊತ್ತು ಅನುಮಾನವಿತ್ತು. ಮೇಧಕ್ಕ ಎರಡನೆಯ ರೊಟ್ಟಿ ತಾನೇ ಕೇಳಿ ಹಾಕಿಸಿಕೊಂಡಳು. ಅಲ್ಲಿಗೆ ಅವ್ವ ಆಕೆಯನ್ನು ಮಗಳಾಗಿ ಮಾಡಿಕೊಂಡುಬಿಟ್ಟಳು.

ಅವ್ವನದೊಂದು ಹಟವಿತ್ತು. ನಮ್ಮ ಹೊಸ್ತಿಲು ದಾಟಿ ಪರವೂರಿಗೆ ಹೊರಟ ಮುತ್ತೈದೆ ಯಾರೇ ಆಗಲಿ, ಬರೀ ಉಡಿಯಲ್ಲಿ, ಅಂದರೆ ಖಾಲಿ ಮಡಿಲಿನಲ್ಲಿ, ಹೋಗಬಾರದು. ಮೇಧಕ್ಕ ನಡುವೆ ಬೆಂಗಳೂರಿಗೆ ಹೊರಟಾಗಲೆಲ್ಲ ಕುಂಕುಮ ಹಚ್ಚಿ, ಆಕೆಯ ವೇಲನ್ನೇ ಉಡಿಯಂತೆ ಹಿಡಿಸಿ, ಅಕ್ಕಿ, ಉತ್ತತ್ತಿ, ಅಡಿಕೆ, ಕುಪ್ಪಸದ ಖಣ ಹಾಕುತ್ತಿದ್ದಳು. ಅರಿಶಿನದ ಕೊಂಬನ್ನು ಮಾತ್ರ ಖಣದ ತುದಿಗೆ ಗಂಟು ಹಾಕಿಯೇ ಕೊಡಬೇಕು, ಅದು ಅವ್ವನ ತಾಯಿಯ ಮನೆಯ ರೂಢಿ. ತುಂಬಿಸಿಕೊಂಡವಳು ಅದರಲ್ಲಿಯ ನಾಲ್ಕು ಕಾಳು ಅಕ್ಕಿಯನ್ನು ತುಂಬಿದವಳಿಗೆ ಮರಳಿ ಕೊಡಬೇಕು. ಇಲ್ಲದಿದ್ದರೆ ಕೊಟ್ಟ ಮನೆ ಬರಿದಾಗುತ್ತದೆ. ಮೇಧಕ್ಕನಿಗೆ ಇಂಥವುಗಳಲ್ಲಿ ನಂಬಿಕೆ ಇರಲಿಲ್ಲ. ಆದರೂ ನಾಲ್ಕು ಕಾಳು ಎತ್ತಿ ಅವ್ವನ ಕೈಗೆ ಹಾಕುವಾಗ ಆಕೆಯ ಮುಖ ಬೇರೆಯೇ ಆಗುತ್ತಿತ್ತು.

ಆಕೆಗೆ ಬೇಕಾದದ್ದು ಒಂದೇ. ಪಿಂಕಿ ಆ ಹೊಂಡದಿಂದ ಸಮುದ್ರಕ್ಕೆ ಹೋಗಬೇಕು. ಕರಾವಳಿಯಲ್ಲಿ ಒಂದು ಸಣ್ಣ ಕೊಲ್ಲಿಗೆ ಬಲೆ ಕಟ್ಟಿ, ಅದರೊಳಗೆ ಬಿಟ್ಟು, ತಾನೇ ಮೀನು ಹಿಡಿದು ತಿನ್ನುವುದನ್ನು ಕಲಿಸಲು ಸಿದ್ಧವಿದ್ದ ಕೆಲವರನ್ನು ಹುಡುಕಿಟ್ಟಿದ್ದಳು. ಕಟ್ಟಿದ ನೀರಿನಲ್ಲಿ ಈ ಪ್ರಾಣಿಗಳು ಹೇಗೆ ಸಾಯುತ್ತವೆ ಎಂದು ಬರೆದು ಒಬ್ಬ ಅಧಿಕಾರಿಗೆ ಕೊಟ್ಟಿದ್ದಳಂತೆ. ಆತ ಓದಿ, ಪಕ್ಕಕ್ಕಿಟ್ಟು, "ಮೇಡಂ, ಜನ ಕೇಳಿದರೆ ನಾವು ಏನಾದರೂ ಮಾಡಬಹುದು, ಒಬ್ಬರು ಕೇಳಿದರೆ ಏನು ಮಾಡೋಣ" ಅಂದನಂತೆ. ಜನ ಕೇಳುವಂತೆ ಮಾಡಬೇಕು, ಅದಕ್ಕೆ ಸಿನಿಮಾ.

ಗಾದಿಲಿಂಗಪ್ಪನವರಿಗೆ ಮೇಧಕ್ಕ ಸುಳ್ಳು ಹೇಳಲಿಲ್ಲ. ಪಿಂಕಿ ಹೇಗೆ ಬದುಕುತ್ತಿದೆ ಎಂಬುದನ್ನು ತೆಗೆಯುತ್ತೇವೆ ಎಂದಳು. ಅವರಿಗೆ ಕೇಳಿಸಿದ್ದು ಪಿಂಕಿ, ಸಿನಿಮಾ ಎರಡೇ.

"ತಗೀರಿ, ತಗೀರಿ. ಕೊನಿಗೆ ನಮ್ಮ ಹೆಸರು ದೊಡ್ಡದಾಗಿ ಹಾಕ್ರಿ. ಮುರುಗೇಶ, ಆ ಗುಲಾಬಿ ಹೂವಿನಾಗಿಂದ ಬರೋದು ಇರ್ತದಲ್ಲ, ಅದನ್ನೂ ಹಾಕಪಾ."

ನಾವು ತೆಗೆದೆವು. ಪಿಂಕಿ ದಿನವೆಲ್ಲ ಒಂದೇ ದಿಕ್ಕಿಗೆ ಸುತ್ತುತ್ತಿತ್ತು, ಗಾಣದ ಎತ್ತಿನ ಹಾಗೆ. ಬೆನ್ನ ಮೇಲೆ ಚರ್ಮ ಎದ್ದಿತ್ತು. ಬೆಳಿಗ್ಗೆ ಹೋದರೆ ನೀರಿನ ಮೇಲೆ ಕೆಂಪು ಕೆನೆ ಕಟ್ಟಿರುತ್ತಿತ್ತು, ಅದು ರಸ್ತೆಯ ಧೂಳು. ಮಧ್ಯಾಹ್ನ ಗುಡ್ಡದಲ್ಲಿ ಬ್ಲಾಸ್ಟಿಂಗ್ ಆದಾಗ ತಳಕ್ಕೆ ಹೋಗಿ ಮೂಲೆಗೆ ಒತ್ತಿಕೊಂಡು ನಿಲ್ಲುತ್ತಿತ್ತು. ಮೇಧಕ್ಕ ಒಂದು ಮೈಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೀರಿಗಿಳಿಸಿ ನನ್ನ ಕಿವಿಗೆ ಹೆಡ್‌ಫೋನ್ ಹಾಕಿದಳು. ಪಂಪಿನ ಗುಂಯ್ ಶಬ್ದ ಬಿಟ್ಟರೆ ಇನ್ನೇನೂ ಇರಲಿಲ್ಲ. ಮದುವೆ ಮನೆಯ ಜನರೇಟರ್ ಪಕ್ಕದಲ್ಲಿ ಕೂತ ಹಾಗಿತ್ತು. ಡಾಲ್ಫಿನ್ ಕಿವಿಯಿಂದಲೇ ನೋಡುವ ಪ್ರಾಣಿ ಎಂದಳು ಮೇಧಕ್ಕ. ನಾನು ಹೆಡ್‌ಫೋನ್ ತೆಗೆದುಕೊಟ್ಟೆ.

ಪಿಂಕಿಗೆ ಮೀನು ಹಾಕುತ್ತಿದ್ದವನು ಪಕೀರಪ್ಪ, ಮೊದಲು ಆ ಸಮುದ್ರದ ನೀರಿನ ಟ್ಯಾಂಕರ್ ಓಡಿಸುತ್ತಿದ್ದವನು. ಪಿಂಕಿಗೆ ಒಂದೇ ಆಟ ಬರುತ್ತಿತ್ತು. ನೀರಿಗೆ ಏನೇ ಬಿದ್ದರೂ, ಚೆಂಡಾಗಲಿ ಚಪ್ಪಲಿಯಾಗಲಿ, ಬಾಯಲ್ಲಿ ಹಿಡಿದು ದಂಡೆಗೆ ತಂದುಕೊಡುವುದು. ತಂದರೆ ಮೀನು. ಬಂದರಿನಿಂದ ಐಸ್‌ನಲ್ಲಿ ಬರುವ ಮೀನು ಒಂದೊಂದು ದಿನ ಬರುತ್ತಿರಲಿಲ್ಲ. ಆಗ ಪಿಂಕಿ ನೀರಿನಲ್ಲಿದ್ದ ಬೇವಿನ ಎಲೆಗಳನ್ನೆಲ್ಲ ಒಂದೊಂದಾಗಿ ಆರಿಸಿ ತಂದು ಪಕೀರಪ್ಪನ ಮುಂದೆ ಇಡುತ್ತಿತ್ತು.

ಒಂದು ಸಂಜೆ ಇದನ್ನೆಲ್ಲ ಸ್ಟುಡಿಯೋದಲ್ಲಿ ಹಾಕಿ ನೋಡುತ್ತಿದ್ದೆವು. ಚಹಾ ತಂದ ಅವ್ವ ಅಲ್ಲೇ ನಿಂತಳು. ಪರದೆಯ ಮೇಲೆ ಪಿಂಕಿಯ ಕಣ್ಣು, ಅದರಿಂದ ಅಂಟಿನಂಥ ನೀರು ಇಳಿಯುತ್ತಿತ್ತು.

"ಈಕಿ ತವರು ಯಾವೂರು?" ಅಂದಳು ಅವ್ವ.

"ಸಮುದ್ರ ಅಮ್ಮಾ" ಅಂದಳು ಮೇಧಕ್ಕ.

"ಯಾರೂ ಬಂದು ಕರಿಯಂಗಿಲ್ಲೇನು ಹಂಗಾರ? ಅಳಾಕತ್ಯಾಳಲ್ಲ."

"ಅದು ಅಳೋದಲ್ಲ. ಕಣ್ಣು ಕೆಡಬಾರದು ಅಂತ ತಾನಾಗೇ ಬರೋ ನೀರು."

"ನಮ್ಮ ಕಣ್ಣಾಗೂ ಅದಽ ಬರೋದು ಅಲ್ಲೇನವಾ?" ಅವ್ವ ಲೋಟ ಕೆಳಗಿಟ್ಟಳು. "ಹುಟ್ಟಿದ ಮನಿ ನೀರಿಗೆ ಒಂದು ರುಚಿ ಇರ್ತೈತಿ. ಅದು ಬ್ಯಾರೆ ಊರಾಗ ಸಿಗಂಗಿಲ್ಲ, ಎಷ್ಟು ಉಪ್ಪು ಸುರಿದ್ರೂ ಸಿಗಂಗಿಲ್ಲ. ಈಕಿನ್ನ ತವರಿಗೆ ಕಳಸ್ರಿ."

ಮೇಧಕ್ಕ ಮೈಕನ್ನು ಅವ್ವನ ಮುಂದೆ ಇಟ್ಟು, ಇದನ್ನೇ ಇನ್ನೊಮ್ಮೆ ಹೇಳಿ ಅಂದಳು.

ಅಲ್ಲಿಯವರೆಗೆ ಆಕೆಯ ಸಿನಿಮಾಕ್ಕೆ ಆಕೆಯದೇ ಧ್ವನಿಯಿತ್ತು. ಎಷ್ಟು ವರ್ಷ ಬದುಕಬೇಕು, ಎಷ್ಟು ದೂರ ಈಜಬೇಕು, ಎಲ್ಲ ಸರಿಯಾಗಿತ್ತು, ಎಲ್ಲ ತಂಗಳಾಗಿತ್ತು. ಅದನ್ನು ತೆಗೆದು ಅವ್ವನ ಧ್ವನಿ ಹಾಕಿದೆವು. 'ಅದು' ಹೋಗಿ 'ಆಕಿ' ಬಂತು. ಎಡಿಟಿಂಗ್ ಮುಗಿದ ದಿನ ಮೇಧಕ್ಕ ಹಣೆಗೆ ಕೈ ಹಚ್ಚಿಕೊಂಡು ಕೂತಿದ್ದಳು.

"ಇದು ಸುಳ್ಳಲ್ಲ ಮುರುಗೇಶ್. ಆದ್ರ ಪೂರಾ ಖರೇನೂ ಅಲ್ಲ. ಅದು ಹೆಣ್ಮಗಳಲ್ಲ. ಅದು ಡಾಲ್ಫಿನ್."

"ಡಾಲ್ಫಿನ್ ಸಲುವಾಗಿ ಯಾರೂ ಬರಂಗಿಲ್ಲ ಮೇಧಕ್ಕ. ಹೆಣ್ಮಗಳ ಸಲುವಾಗಿ ಬರ್ತಾರ" ಅಂದೆ. ನನ್ನ ಕಸುಬಿನ ಬುದ್ಧಿ ಅದು. ಅದು ಸರಿಯಾಗಿಯೇ ಇತ್ತು, ಅದೇ ದೊಡ್ಡ ದುರದೃಷ್ಟ.

ಒಂದು ಭಾನುವಾರ ಸಿನಿಮಾ ಕೇಬಲ್‌ನಲ್ಲಿ ಬಂತು. ಹೊಸಪೇಟೆ, ಕಂಪ್ಲಿ, ಸಂಡೂರು ಮೂರೂ ಕಡೆ ನೋಡಿದರು. ಕೇಬಲ್ ಇಲ್ಲದ ಕಡೆ ನಾವೇ ಪ್ರೊಜೆಕ್ಟರ್ ಹೊತ್ತು ಹೋಗಿ ಶಾಲೆಯ ಗೋಡೆಗೆ ಬಿಟ್ಟೆವು. ಎಮ್ಮಿಗನೂರಿನಲ್ಲಿ ನಾಟಿ ಮುಗಿಸಿ ಬಂದ ಹೆಂಗಸರು ಕೆಸರುಗಾಲಿನಲ್ಲೇ ಕೂತು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಕುರೆಕುಪ್ಪದಲ್ಲಿ ಎರಡು ಸಲ ಹಾಕಬೇಕಾಯಿತು. ವಡ್ಡು ಎಂಬ ಊರಿನಲ್ಲಿ ಮಾತ್ರ ವಿರುಪಮ್ಮ ಎಂಬಾಕೆ ಸಿನಿಮಾ ಮುಗಿದ ಮೇಲೆ ಎದ್ದು ನಿಂತು, "ಆ ಧೂಳು ಆಕಿ ನೀರಾಗ ಐತಿ ಅಂತೀರಿ. ನಮ್ಮ ಬಿಂದಿಗಿಯಾಗೂ ಐತ್ರಿ. ನಮ್ಮ ಸಿನಿಮಾ ಯಾವಾಗ ತಗೀತೀರಿ?" ಎಂದು ಕೇಳಿದಳು. ಆದರೂ ಪಿಂಕಿಯನ್ನು ಸಮುದ್ರಕ್ಕೆ ಕಳಿಸಿ ಎಂಬ ಅರ್ಜಿಗೆ ಸಹಿ ಹಾಕುವಾಗ ಆ ವಿರುಪಮ್ಮನೇ ಮೊದಲು ಹೆಬ್ಬೆಟ್ಟು ಒತ್ತಿದಳು. "ಆಕಿಯಾದ್ರೂ ಪಾರಾಗಲಿ" ಅಂದಳು.

ಮೇಧಕ್ಕ ಗೆದ್ದಳು. ಹೌದು, ಗೆದ್ದಳು. ಸಹಿಗಳ ಕಟ್ಟು ನೋಡಿ ಅಧಿಕಾರಿ ಆದೇಶ ಬರೆದ. ಎಲೆಕ್ಷನ್ ಹತ್ತಿರವಿತ್ತು, ಗಾದಿಲಿಂಗಪ್ಪನವರಿಗೆ ಟಿಕೆಟ್ಟಿನ ಆಸೆಯಿತ್ತು. ಅವರು ನಮ್ಮ ಮೇಲೆ ಸಿಟ್ಟಾಗುವ ಬದಲು ಸ್ವೀಟ್ ಬಾಕ್ಸ್ ಕಳಿಸಿದರು. ಸೋಮವಾರ ಪಿಂಕಿಯನ್ನು ಸಮುದ್ರಕ್ಕೆ ಕಳಿಸುವುದು, ಅದರ ಹಿಂದಿನ ದಿನ ಭಾನುವಾರ ರೆಸಾರ್ಟಿನ ಗೇಟು ಸಾರ್ವಜನಿಕರಿಗೆ ತೆರೆಯುವುದು ಎಂದು ಊರ ತುಂಬ ಬ್ಯಾನರ್ ಕಟ್ಟಿಸಿದರು. ಬ್ಯಾನರಿನಲ್ಲಿ ಅವರು ಕೈ ಮುಗಿದು ನಿಂತಿದ್ದರು, ಹಿಂದೆ ಪಿಂಕಿ ಹಾರುತ್ತಿತ್ತು.

ಬಲೆ ಕಟ್ಟಿದ್ದನ್ನು ಕಣ್ಣಾರೆ ನೋಡಿ, ಪ್ರಾಣಿಗಳ ಡಾಕ್ಟರನ್ನು ಕರೆದುಕೊಂಡು ಬರಲು ಮೇಧಕ್ಕ ಕರಾವಳಿಗೆ ಹೋದಳು. ಹೋಗುವಾಗಲೂ ಅವ್ವ ಉಡಿ ತುಂಬಿದಳು. "ಬೀಳ್ಕೊಡುಗಿ ನೀವಽ ಶೂಟ್ ಮಾಡ್ರಿ ಮುರುಗೇಶ್. ಮಂದಿ ಮುಖ ತಗೀರಿ. ತೋರಿಸಿದ ಸಿನಿಮಾಕ್ಕ ಅದನ್ನ ಸೇರಿಸಿ ಅಲ್ಲಿಗೇ ಮುಗಿಸೋಣ" ಎಂದು ನನಗೆ ಹೇಳಿ ಬಸ್ ಹತ್ತಿದಳು. ಆ ಹೊತ್ತಿನಲ್ಲಿ ಆಕೆಯಷ್ಟು ಸಂತೋಷವಾಗಿದ್ದವರನ್ನು ನಾನು ಮದುವೆಗಳಲ್ಲೂ ಕಂಡಿಲ್ಲ.

ಭಾನುವಾರ ಬೆಳಿಗ್ಗೆ ಅವ್ವ ಟ್ರಂಕು ತೆಗೆದು ತಳದಿಂದ ಒಂದು ಖಣ ಎತ್ತಿದಳು. ಹಸಿರು ಮೈ, ದಾಳಿಂಬೆ ಬಣ್ಣದ ರೇಷ್ಮೆಯ ಅಂಚು. ಅಜ್ಜಿ ಕೊನೆಯ ಸಲ ಅವಳಿಗೆ ಉಡಿ ತುಂಬಿದಾಗ ಕೊಟ್ಟದ್ದು. ಹೊಲಿಸಲು ಮನಸ್ಸಾಗದೆ ಇಟ್ಟುಕೊಂಡಿದ್ದಳು.

"ಇದನ್ನ್ಯಾಕ ತಗದಿ?" ಅಂದೆ.

"ಆಕಿ ನಾಳೆ ಹೊಂಟಾಳಲ್ಲ. ಬರೀ ಉಡಿಯಾಗ ಕಳಸಬೇಕೇನು?"

ನಾನು ನಕ್ಕೆ. ಖಣ ತೋರಿಸಿ ಒಂದು ಕುಂಕುಮ ಹಚ್ಚಿ ಬರುತ್ತಾಳೆ, ಒಳ್ಳೆಯ ಶಾಟ್ ಆಗುತ್ತದೆ ಅಂದುಕೊಂಡೆ.

ರೆಸಾರ್ಟಿಗೆ ಹೋಗಿ ನೋಡಿದರೆ ಗೇಟಿನ ಹೊರಗೆ ಟ್ರ್ಯಾಕ್ಟರು, ಟೆಂಪೋ, ಆಟೋ. ಕಂಪ್ಲಿಯವರು, ಎಮ್ಮಿಗನೂರಿನವರು, ಕುರೆಕುಪ್ಪದವರು. ಹೆಂಗಸರ ಕೈಯಲ್ಲೆಲ್ಲ ತಟ್ಟೆ. ತಟ್ಟೆಯಲ್ಲಿ ಅಕ್ಕಿ, ಉತ್ತತ್ತಿ, ಹಸಿರು ಬಳೆ, ಖಣ. ಯಾರೂ ಯಾರಿಗೂ ಹೇಳಿ ಕಳಿಸಿರಲಿಲ್ಲ. ಹೆಣ್ಣುಮಗಳು ತವರಿಗೆ ಹೊರಟಿದ್ದಾಳೆ ಅಂದಮೇಲೆ ಏನು ಮಾಡಬೇಕೆಂದು ನಮ್ಮವರಿಗೆ ಬೇರೆ ಹೇಳಿಕೊಡಬೇಕೆ? ಪಕೀರಪ್ಪ ಬಂದವನೇ ಗಾಬರಿಯಾಗಿ, "ನೀರಿಗೆ ಏನೂ ಒಗೀಬ್ಯಾಡ್ರಿ" ಎಂದು ಕೂಗುತ್ತಿದ್ದ. ಗಾದಿಲಿಂಗಪ್ಪನವರ ಕಡೆಯವರು, ಮುತ್ತೈದೆಯರಿಗೆ ಎದುರಾಡಬ್ಯಾಡ, ಗಾಡಿ ನಿಲ್ಸೋ ಕಡೆ ನೋಡ ಹೋಗು ಎಂದು ಅವನನ್ನು ಗೇಟಿಗೆ ಅಟ್ಟಿದರು. ಮೀನಿನ ಬಕೆಟ್ಟು ಅವನ ಜೊತೆಗೇ ಹೋಯಿತು.

ಅವ್ವ ಒಂದು ಮಾತಾಡಿದ್ದೇ ತಡ, ಜನ ಧ್ವನಿಯ ಗುರುತು ಹಿಡಿದರು. "ಸಿನಿಮಾದಾಗ ಮಾತಾಡಿದಾಕಿ ಈ ಅಮ್ಮನಽ" ಎಂದು ದಾರಿ ಬಿಟ್ಟರು. ಹೀಗೆ ಮೊದಲ ಉಡಿ ಅವ್ವನದಾಯಿತು. ಹೊಂಡದ ದಂಡೆಗೆ ಕುಂಕುಮ ಹಚ್ಚಿ, ಅಕ್ಕಿ ಬಿಟ್ಟು, ಅಜ್ಜಿಯ ಖಣಕ್ಕೆ ಅರಿಶಿನದ ಕೊಂಬು ಗಂಟು ಹಾಕಿ ನೀರಿಗೆ ಇಳಿಬಿಟ್ಟಳು.

ಪಿಂಕಿ ಬಂತು. ಖಣವನ್ನು ಬಾಯಲ್ಲಿ ಹಿಡಿದು ದಂಡೆಗೆ ತಂದು ಅವ್ವನ ಕಾಲ ಬಳಿ ಇಟ್ಟು, ಬಾಯಿ ತೆರೆದು ಕಾಯಿತು. ಅದಕ್ಕೆ ಮೀನು ಬೇಕಾಗಿತ್ತು.

"ಮರಳಿ ಕೊಡಾಕತ್ಯಾಳ ನೋಡ್ರಿ" ಎಂದು ಯಾರೋ ಅಂದರು. "ಮನಿತನದ ಹೆಣ್ಣು, ರೀತಿ ಗೊತ್ತೈತಿ ಆಕಿಗೆ." ಅವ್ವನ ಕಣ್ಣಲ್ಲಿ ನೀರು ಬಂತು. ತೊಯ್ದ ಖಣದ ಮೇಲೆ ಅಂಟಿದ್ದ ನಾಲ್ಕು ಕಾಳು ಅಕ್ಕಿಯನ್ನು ಬಿಡಿಸಿಕೊಂಡು ಸೆರಗಿಗೆ ಕಟ್ಟಿಕೊಂಡಳು. "ನನಗ ಇಷ್ಟು ಸಾಕವಾ. ಇದು ನಿಂದು, ಇಟ್ಕೋ" ಎಂದು ಖಣವನ್ನು ಮತ್ತೆ ನೀರಿಗೆ ಬಿಟ್ಟಳು. ಅದು ಮತ್ತೆ ತಂದಿತು. ಮತ್ತೆ ಬಿಟ್ಟಳು.

ಆಮೇಲೆ ಎಲ್ಲರೂ ಬಿಟ್ಟರು. ಪಿಂಕಿ ಒಂದೊಂದನ್ನೂ ಹಿಡಿದು ತಂದಿತು, ಬಾಯಿ ತೆರೆಯಿತು, ಮೀನು ಸಿಗಲಿಲ್ಲ, ಮತ್ತೊಂದನ್ನು ಹಿಡಿಯಲು ಓಡಿತು. ನಾನು ಅದನ್ನೆಲ್ಲ ತೆಗೆಯುತ್ತಿದ್ದೆ. ಮೇಧಕ್ಕ ಹೇಳಿದಂತೆ ಮಂದಿಯ ಮುಖ ತೆಗೆಯುತ್ತಿದ್ದೆ. ಅಷ್ಟು ಒಳ್ಳೆಯ ಮುಖಗಳು, ಒಂದರಲ್ಲೂ ಕೆಟ್ಟದ್ದಿರಲಿಲ್ಲ. ಯಾವ ಹೊತ್ತಿಗೆ ಅದು ತರುವುದನ್ನು ಬಿಟ್ಟು ನುಂಗತೊಡಗಿತೋ ನನ್ನ ಕ್ಯಾಮೆರಾಕ್ಕೆ ಗೊತ್ತಾಗಲಿಲ್ಲ. "ತಗೊಂಡ್ಲು, ತಗೊಂಡ್ಲು" ಎಂದು ಜನ ಅನ್ನುವುದು ಮಾತ್ರ ಟೇಪಿನಲ್ಲಿದೆ.

ಮೇಧಕ್ಕ ಮಧ್ಯಾಹ್ನ ಡಾಕ್ಟರ್ ಜೊತೆ ಬಂದಿಳಿದಾಗ ಹೊಂಡದ ನೀರು ಕುಂಕುಮದಿಂದ ಕೆಂಪಾಗಿತ್ತು. ಆಕೆ ಚಪ್ಪಲಿಯನ್ನೂ ಬಿಡದೆ ನೀರಿಗಿಳಿದು ಬಟ್ಟೆಗಳನ್ನು ಬಾಚಿ ಬಾಚಿ ದಂಡೆಗೆ ಎಸೆಯತೊಡಗಿದಳು. ಒಬ್ಬ ಮುದುಕಿ ನೊಂದುಕೊಂಡು, "ಯಾಕವಾ, ನಿನ್ನ ಸಿನಿಮಾದಾಗಽ ಹೇಳಿದ್ಯಲ್ಲ ತವರಿಗೆ ಕಳಸ್ರಿ ಅಂತ? ಉಡಿಗೆ ಬಿದ್ದದ್ದು ತಗೀಬಾರದು" ಅಂದಳು. ಮೇಧಕ್ಕ ಎದೆಮಟ್ಟದ ನೀರಿನಲ್ಲಿ ನಿಂತು ಆಕೆಯ ಮುಖ ನೋಡಿದಳು. ಮತ್ತೆ ಬಗ್ಗಿ ಬಾಚತೊಡಗಿದಳು. ನಾನೂ ಪಕೀರಪ್ಪನೂ ಇಳಿದೆವು. ಸಂಜೆಯ ಹೊತ್ತಿಗೆ ನೀರಿನಲ್ಲಿ ಒಂದು ಬಟ್ಟೆಯೂ ಕಾಣಲಿಲ್ಲ. ಎಲ್ಲ ಬಂತು ಅಂದುಕೊಂಡೆವು.

ಸೋಮವಾರ ಲಾರಿ ಬಂದು ನಿಂತಿತು. ಒಳಗೆ ತೊಯ್ದ ಹಾಸಿಗೆ ಹಾಸಿತ್ತು, ಐಸ್ ಇತ್ತು. ಪಿಂಕಿ ಮೀನು ಮುಟ್ಟಲಿಲ್ಲ. ಸುತ್ತುವುದನ್ನೂ ನಿಲ್ಲಿಸಿ ಒಂದೇ ಕಡೆ ತೇಲುತ್ತಿತ್ತು. ಈ ಸ್ಥಿತಿಯಲ್ಲಿ ಸಾಗಿಸಲಾಗದು ಅಂದ ಡಾಕ್ಟರ್. ಮೇಧಕ್ಕ ಅದರ ತಲೆಯನ್ನು ತೋಳಿನಲ್ಲಿ ಎತ್ತಿ ಹಿಡಿದು ನೀರಿನಲ್ಲೇ ನಿಂತಿದ್ದಳು. ಲಾರಿಯವನು ಎರಡು ಸಲ ಬಂದು, ಹೊರಡೋದೋ ಇಲ್ಲವೋ ಎಂದು ಕೇಳಿ ಹೋದ. ಮರುದಿನ ಬಿಸಿಲೇರುವ ಮೊದಲೇ ಅದರ ಉಸಿರು ನಿಂತಿತು.

ಶೆಡ್ಡಿನಲ್ಲಿ ಹೊಟ್ಟೆ ಕೊಯ್ದರು. "ತಗೀರಿ ಮುರುಗೇಶ್" ಅಂದಳು ಮೇಧಕ್ಕ. "ಇದನ್ನೂ ತೋರಿಸಬೇಕು. ಇದಽ ಸಿನಿಮಾದ ಕೊನಿ." ನಾನು ತೆಗೆದೆ. ಡಾಕ್ಟರ್ ಒಂದೊಂದೇ ಬಟ್ಟೆ ಹೊರಗೆಳೆದು ಟ್ರೇಯಲ್ಲಿಟ್ಟ. ಕೆಂಪು, ಹಳದಿ, ನೇರಳೆ. ಕೊನೆಗೆ ಕರುಳಿನ ಬಾಯಿಗೇ ಸಿಕ್ಕಿಕೊಂಡಿದ್ದ ಒಂದು ಬಂತು. ಹಸಿರು ಮೈ, ದಾಳಿಂಬೆ ಅಂಚು. ತುದಿಯಲ್ಲಿ ಅರಿಶಿನದ ಕೊಂಬಿನ ಗಂಟು. "ಈ ಗಂಟಿನಿಂದಲೇ ದಾರಿ ಮುಚ್ಚಿದೆ. ಉಳಿದದ್ದೆಲ್ಲ ಇದರ ಹಿಂದೆ ನಿಂತಿದೆ" ಎಂದು ಡಾಕ್ಟರ್ ಹೇಳಿದ.

ಮೇಧಕ್ಕನಿಗೂ ಆ ಗಂಟು ಗೊತ್ತಿತ್ತು. ಎಷ್ಟು ಸಲ ಅದನ್ನು ತನ್ನ ವೇಲಿನಲ್ಲಿ ಕಟ್ಟಿಕೊಂಡು ಹೋಗಿದ್ದಳು. ಆಕೆ ನನ್ನ ಕಡೆ ನೋಡಿ, ಕ್ಯಾಮೆರಾದ ಲೆನ್ಸಿನ ಮೇಲೆ ಅಂಗೈ ಇಟ್ಟಳು.

"ಬಂದ್ ಮಾಡ್ರಿ."

"ಇದಽ ಕೊನಿ ಅಂದ್ರಿ."

"ಬ್ಯಾಡ ಮುರುಗೇಶ್. ಇದು ಬ್ಯಾಡ."

ಆ ಟೇಪನ್ನು ಆಕೆ ತೆಗೆದುಕೊಳ್ಳಲೇ ಇಲ್ಲ. ಅದನ್ನು ತೋರಿಸಿದ್ದರೆ ಇನ್ನೆಲ್ಲೂ ಇಂಥ ಹೊಂಡ ಕಟ್ಟಲು ಜನ ಹೆದರುತ್ತಿದ್ದರೋ ಏನೋ. ಆಕೆಯ ಕೆಲಸಕ್ಕೆ ಅದಕ್ಕಿಂತ ಗಟ್ಟಿಯಾದ ಚಿತ್ರ ಬೇರೆ ಇರಲಿಲ್ಲ, ಅದು ಆಕೆಗೂ ಗೊತ್ತಿತ್ತು.

ಟೇಪು ಮುಚ್ಚಿಟ್ಟರೆ ಊರ ಬಾಯಿ ಮುಚ್ಚುತ್ತದೆಯೇ? ಹೊಟ್ಟೆಯಲ್ಲಿ ಖಣ ಸಿಕ್ಕವೆಂಬ ಸುದ್ದಿ ಸಂಜೆಗೇ ಹೊಸಪೇಟೆ ತಲುಪಿತು. ಸಿನಿಮಾದವಳಿಂದ ಕೆಟ್ಟಿತು ಎಂದು ಕೆಲವರು, ಧಣಿಯ ಹೊಂಡದಲ್ಲಿ ಸುಖವಾಗಿತ್ತು ಎಂದು ಕೆಲವರು. ಗಾದಿಲಿಂಗಪ್ಪನವರು ಬ್ಯಾನರ್ ಬದಲಿಸಿ, ಶ್ರದ್ಧಾಂಜಲಿ ಎಂದು ಬರೆಸಿದರು. ಕೈ ಮುಗಿದ ಫೋಟೋ ಅದೇ ಇತ್ತು.

ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಕೇಳಿದಳು. "ನಂದೂ ಇತ್ತೇನು?"

"ಇರಲಿಲ್ಲವ್ವಾ."

ಅವ್ವ ನನ್ನನ್ನೇ ನೋಡಿದಳು. ಹೆತ್ತವಳ ಮುಂದೆ ಸುಳ್ಳು ಹೇಳುವುದನ್ನು ನಾನು ಸಣ್ಣವನಿದ್ದಾಗಲೇ ಕಲಿಯಬೇಕಿತ್ತು. ಅವಳು ಸೆರಗಿನ ಗಂಟು ಬಿಚ್ಚಿ, ಆ ನಾಲ್ಕು ಕಾಳು ಅಕ್ಕಿಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು.

ಎರಡು ದಿನದ ನಂತರ ಮೇಧಕ್ಕ ಹೊರಟಳು. ಬ್ಯಾಗು ಗಾಡಿಗೆ ಕಟ್ಟಿ ನಾನು ಹೊರಗೆ ಕಾಯುತ್ತಿದ್ದೆ. ಆಕೆ ಹೊಸ್ತಿಲ ಒಳ ಬದಿಯಲ್ಲಿ ನಿಂತು, "ಅಮ್ಮಾ, ಬರ್ತೀನ್ರಿ" ಅಂದಳು. ಮೇಧಕ್ಕ ವೇಲಿನ ತುದಿಯನ್ನು ಎರಡು ಕೈಯಲ್ಲಿ ಹಿಡಿದು ಉಡಿ ಮಾಡಿಕೊಂಡು ಹಾಗೇ ನಿಂತಳು. ಇಷ್ಟು ದಿನ ಅವ್ವ ಹಿಡಿಸಬೇಕಿತ್ತು, ಇವತ್ತು ತಾನೇ ಹಿಡಿದಿದ್ದಳು.

ಅವ್ವ ಅಡುಗೆಮನೆಯ ಬಾಗಿಲಿಗೆ ಬಂದಳು. ಉಡಿ ನೋಡಿದಳು.

"ಬ್ಯಾಡ ಯವ್ವಾ. ನನ್ನ ಕೈಯಿಂದ ಬ್ಯಾಡ."

"ನಿಮ್ಮ ಕೈಯಿಂದಽ ಬೇಕು ಅಮ್ಮಾ. ನನಗ ಬ್ಯಾರೆ ತವರಿಲ್ಲ."

ಅವ್ವನ ಬಲಗೈ ಸ್ವಲ್ಪ ಎದ್ದಿತು. ಎದ್ದದ್ದು ಸೆರಗಿನೊಳಗೆ ಹೋಯಿತು. ಅವಳು ತಿರುಗಿ ಒಳಗೆ ಹೋದಳು.

ಬಸ್ ಸ್ಟ್ಯಾಂಡಿನಲ್ಲಿ ಗಾಡಿ ಇಳಿದಾಗ ನೋಡಿದೆ, ಮೇಧಕ್ಕ ವೇಲಿನ ತುದಿಯನ್ನು ಇನ್ನೂ ಮುಷ್ಟಿಯಲ್ಲಿ ಹಾಗೇ ಕೂಡಿಸಿ ಹಿಡಿದುಕೊಂಡಿದ್ದಳು.

ಮನೆಗೆ ಬಂದೆ. ದೇವರ ಜಗುಲಿಯ ಮೇಲೆ ತಟ್ಟೆ ಇತ್ತು. ಅಕ್ಕಿ, ಉತ್ತತ್ತಿ, ಅಡಿಕೆ, ಕುಂಕುಮ ಎಲ್ಲ ಬೆಳಿಗ್ಗೆಯೇ ಜೋಡಿಸಿಟ್ಟದ್ದು. ಖಣವೂ ಇತ್ತು, ಹೊಸದು. ಅದರ ತುದಿಗೆ ಅರಿಶಿನದ ಕೊಂಬು ಕಟ್ಟಿ, ಮತ್ತೆ ಬಿಚ್ಚಿದ ಸುಕ್ಕು ಹಾಗೇ ಕಾಣುತ್ತಿತ್ತು.